ವಿಮಾನದ ಮೇಲೆ ಬಿದ್ದ ಕಾಯಿ

ಸಂಘದ ಅಧ್ಯಕ್ಷೆ ತಿಮ್ಮಕ್ಕನವರೇ, ತಿಪಟೂರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಸನ್ಮಾನಿತರಾದ ನಮ್ಮ ಚಿಕ್ಕಗಂಗಮ್ಮನವರೇ, ಪಕ್ಕದಲ್ಲಿ ಎಲೆ ಹಾಕುತ್ತಿರುವುದು ಕಂಡರೂ ಎದ್ದು ಹೋಗದ ಸಭಿಕರೇ,

ಅರಳಗುಪ್ಪೆಯ ನಮ್ಮ ಮಹಿಳಾ ಸಂಘದಲ್ಲಿ ಚಿಕ್ಕಗಂಗಮ್ಮನವರು ಕುಟ್ಟಿದ ಕೊಬ್ಬರಿ ಚಟ್ನಿಪುಡಿಗೆ ದೆಹಲಿ ಮೇಳದಲ್ಲಿ ಬಹುಮಾನ ಬಂತು. ಮುಂದಿನ ತಿಂಗಳು ಗುವಾಹಟಿ ಮೇಳಕ್ಕೆ ಕರೆದಿದ್ದಾರೆ. ಜೊತೆಗೆ ಹೋಗಬೇಕಾದ ಕಾರ್ಯದರ್ಶಿ ನಾನು, ವಿಮಾನ ಹತ್ತಲ್ಲ ಅಂದೆ. ಸುನಂದಾ ಬರದಿದ್ದರೆ ನಾನೂ ಹೋಗಲ್ಲ ಅಂತ ಅವರು ಕೂತಿದ್ದಾರೆ. ಕಾರ್ಯದರ್ಶಿ ಯಾಕೆ ಹೀಗೆ ಮಾಡಿದಳು ಅಂತ ನೀವು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ.

ದೆಹಲಿಗೆ ಹೊರಟಾಗ ನಾವಿಬ್ಬರೂ ವಿಮಾನ ಹತ್ತಿದ್ದು ಅದೇ ಮೊದಲು. ಇನ್ನೇನು ದೆಹಲಿ ಬಂತು ಅನ್ನುವಾಗ ಇಬ್ಬರಿಗೂ ಜೋಂಪು. ದಡ್, ದಡ್ ಅಂತ ಸದ್ದಾಯಿತು. ನಾನು ಬೆಚ್ಚಿದೆ. ಚಿಕ್ಕಗಂಗಮ್ಮ ಕಣ್ಣು ಬಿಡದೆಯೇ ನನ್ನ ಕೈ ಮೇಲೆ ಕೈಯಿಟ್ಟು, "ಮಲ್ಕೊಳೇ ಸುನಂದಾ, ಮನೆ ತಗಡಿನ್ ಶೀಟ್ ಮ್ಯಾಲೆ ಕಾಯಿ ಬಿತ್ತು ಕಣೇ" ಅಂದರು. ನಾನೂ ಮಲಗಿದೆ. ಸುತ್ತ ಜನ ದೇವರ ಹೆಸರು ಕೂಗುತ್ತಿದ್ದರಂತೆ. ತೆಂಗಿನ ತೋಟದವರಿಗಲ್ಲದೆ ಇನ್ಯಾರಿಗೆ ಬರಬೇಕು ಇಂಥ ನಿದ್ದೆ?

ಇಳಿದು ನೋಡಿದರೆ ವಿಮಾನದ ಮೂತಿ ನುಜ್ಜುಗುಜ್ಜು. ಆಲಿಕಲ್ಲಿನ ಏಟು. ಮೂತಿ ಹಾಗಾದದ್ದು ಪೈಲಟ್ಟಿಗೂ ಇಳಿದ ಮೇಲೇ ಕಂಡಿದ್ದಂತೆ. ಇನ್ನು ವಿಮಾನದ ಸಹವಾಸವೇ ಬೇಡ ಅಂದೆ. ಚಿಕ್ಕಗಂಗಮ್ಮ ವಿಮಾನಕ್ಕೆ ಕೈಮುಗಿದು, "ಪಾಪ, ಇಷ್ಟ್ ಪೆಟ್ಟು ತಿಂದ್ರೂವೆ ನಮ್ಮನ್ ಇಳಿಸೈತೆ" ಅಂದರು. ವಾಪಸ್ ಬರುವಾಗ ಹಟ ಹಿಡಿದು ಅವರನ್ನು ರೈಲಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಬೈಸಿಕೊಂಡೆ.

ಸಭಿಕರೇ, ತೆಂಗಿನ ತೋಟದವರ ನಿದ್ದೆ ಅಂದೆನಲ್ಲ, ಅದು ಚಿಕ್ಕಗಂಗಮ್ಮನವರಿಗೆ ಸರಿ. ನಮ್ಮ ಯಜಮಾನರು ಹೋದಮೇಲೆ ನಾನು ನಿದ್ದೆ ಕಂಡವಳಲ್ಲ. ತೋಟದಲ್ಲಿ ಒಂದು ಗರಿ ಬಿದ್ದರೂ ಎದ್ದು ಕೂರುತ್ತಿದ್ದೆ. ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಗಲೆಲ್ಲ ನಗುತ್ತಾ ಓಡಾಡುವವಳನ್ನು ಯಾರು ತಾನೇ ಕೇಳುತ್ತಾರೆ? ಅಂಥವಳು ಅಷ್ಟು ಸದ್ದಿನಲ್ಲಿ ಹೇಗೆ ಮಲಗಿದೆ? ಕೈ ಮೇಲೆ ಒಂದು ಕೈ ಇತ್ತು, ಅಷ್ಟೇ. ಇದನ್ನು ಇಲ್ಲಿ ಹೇಳಬೇಕು ಅಂತ ಬಂದಿರಲಿಲ್ಲ. ಒಂದು ನಿಮಿಷ, ನೀರು ಕುಡಿಯುತ್ತೇನೆ.

ತಿಮ್ಮಕ್ಕನವರೇ, ಗುವಾಹಟಿಗೆ ಎರಡು ಟಿಕೆಟ್ ಮಾಡಿಸಿ. ವಿಮಾನದ್ದೇ. ಭಯ ಹೋಗಿಲ್ಲ, ಆದರೂ ಬರುತ್ತೇನೆ. ಕಿಟಕಿ ಸೀಟು ಚಿಕ್ಕಗಂಗಮ್ಮನವರಿಗಿರಲಿ. ಪಕ್ಕದ್ದು ನನಗೆ ಕೊಡಿ, ಸ್ವಲ್ಪ ಮಲಗಬೇಕು.

ಇಷ್ಟು ಹೊತ್ತು ಹಸಿವು ತಡೆದು ಕೇಳಿದಿರಿ, ನಿಮ್ಮ ಉಪಕಾರ ಮರೆಯಲ್ಲ. ಎಲ್ಲರಿಗೂ ನಮಸ್ಕಾರ.