ಕೋಟಿನ ಅಸ್ತರು

ಖಾಲಿ ಕ್ಯಾನುಗಳನ್ನು ಕಾಲಡಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹಾಲಿನಾತನ ಪಕ್ಕದಲ್ಲಿ ಇಬ್ಬರು ಹೆಂಗಸರು ಬಂದು ಉಸ್ಸಪ್ಪಾ ಎಂದು ಕೂತರು. ಮನೆಯಿಲ್ಲದವರಿಗೆ ಚರ್ಚಿನಲ್ಲಿ ಊಟ ಬಡಿಸಿ ಬಂದವರೆಂದು ಮಾತಿನಿಂದಲೇ ಗೊತ್ತಾಯಿತು. ಹಿರಿಯಳು ದರ್ಜಿ, ಕಿರಿಯಳು ಅವಳ ನಾದಿನಿ.

“ಕೋಟಿನಜ್ಜ ಇವತ್ತೂ ಊಟಕ್ಕೆ ಬರ್ಲಿಲ್ಲ ಅತ್ತಿಗೆ.”

“ಎಲ್ಲಿಂದ ಬರ್ತಾನೆ? ಮಗಳ ಫೋನ್ ನಂಬರಿನ ಚೀಟಿ ಹೋಯ್ತಂತೆ. ಸೇತುವೆ ಕೆಳಗೆ ಪಕ್ಕದಲ್ಲೇ ಮಲಗೋ ಮೀಸೆಯಣ್ಣ ಕದ್ದ ಅಂತ ಹೊಡೆದಾಡಿದ್ದಾನೆ.”

“ಅದನ್ನ ಕದ್ದು ಮೀಸೆಯಣ್ಣ ಉಪ್ಪಿನಕಾಯಿ ಹಾಕ್ತಾನಾ?”

“ಅವನು ಕದ್ದಿಲ್ಲ ಕಣೇ. ಹೋದ ವಾರ ಅಜ್ಜ ಚರ್ಚಿನಲ್ಲಿ ಸ್ನಾನಕ್ಕೆ ಹೋದಾಗ ಕೋಟಿನ ಒಳಬಟ್ಟೆ, ಆ ಹರಿದ ಅಸ್ತರು ಕಿತ್ತು, ಅದೇ ಬಣ್ಣದ್ದು ಹೊಲಿದುಬಿಟ್ಟೆ. ಅವನ ಮಂಜುಗಣ್ಣಿಗೆ ಗೊತ್ತಾಗ್ಲಿಲ್ಲ. ಚೀಟಿ ಆ ಅಸ್ತರಿನೊಳಗೇ ಇತ್ತಂತೆ.”

“ಹಳೇ ಅಸ್ತರು?”

“ಕಸದ ಗಾಡಿಗೆ ಹಾಕ್ದೆ.”

ನಾದಿನಿ ಹಾಲಿನಾತನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಸುಮ್ನಿದ್ಬಿಡಿ ಅತ್ತಿಗೆ. ಆರು ವರ್ಷ ಮೈ ಮುರ್ಕೊಂಡು ಮಾಡಿದ ಸೇವೆಯೆಲ್ಲ ಮಣ್ಣುಪಾಲಾಗತ್ತೆ.”

“ಸುಮ್ನಿದ್ರೆ ಮೀಸೆಯಣ್ಣ ಕಳ್ಳನಾಗ್ತಾನೆ.”

“ಹೇಳಿದ್ರೆ ಅಜ್ಜ ನಿಮ್ಮ ಮುಖಕ್ಕೆ ಉಗೀತಾನೆ.”

“ಉಗೀಲಿ. ಒರೆಸ್ಕೊಳ್ಳೋಕೆ ಸೆರಗಿದೆ.”

ಬಸ್ಸು ಬಂತು. ನಾದಿನಿ ಹತ್ತಿ, ಕಿಟಕಿ ಪಕ್ಕ ಜಾಗ ಹಿಡಿದು, ಬನ್ನಿ ಬನ್ನಿ ಎಂದು ಕೈಬೀಸಿ ಕರೆದಳು. ದರ್ಜಿ ಮಂಡಿ ಹಿಡಿದುಕೊಂಡು ಎದ್ದು, ರಸ್ತೆ ದಾಟಿ, ಸೇತುವೆಯ ಕಡೆಗೆ ನಿಧಾನವಾಗಿ ನಡೆದುಹೋದಳು.