ಸಂತ್ಯಾಗ ಓದಿದ ಹೆಸರು

ಕಲಬುರ್ಗಿಯಲ್ಲಿ ಕಮಲಾಪುರದ ಟಾಂಗಾಕ್ಕೆ ಕಾಯುತ್ತಿದ್ದೆ. ಪಕ್ಕದಲ್ಲಿ ನಿಜಾಮ ಸರ್ಕಾರದ ಪೊಲೀಸ್ ಮುನ್ಷಿಯೊಬ್ಬ ಅದೇ ಟಾಂಗಾಕ್ಕೆ ಕಾದು ನಿಂತಿದ್ದ. ಬಳೆ ಮಲಾರ ಹೊತ್ತ ಹೆಂಗಸೊಬ್ಬಳು ನೆಟ್ಟಗೆ ಅವನ ಎದುರಿಗೆ ಬಂದಳು.

“ಮುನ್ಷಿ ಸಾಹೇಬ್ರ, ಗುರುತು ಹತ್ತಿತೇನ್ರಿ?”

“ಹತ್ತದೇ ಏನು? ಬಟ್ಟೆ ವ್ಯಾಪಾರಿನ್ನ ಕೊಂದವರ ಹೆಸರು ಹೇಳಿದ ಶಿವಲಿಂಗಮ್ಮ ನೀನೇ ಅಲ್ಲಾ!”

“ಸಣ್ಣಗ ಮಾತಾಡ್ರಿ! ಇಲ್ಲೂ ಒದರಬ್ಯಾಡ್ರಿ. ನಾ ನಿಮ್ಮೊಬ್ಬರ ಕಿವ್ಯಾಗ ಹೇಳಿದ್ದೆ. ನೀವು ಸಂತ್ಯಾಗ ನಿಂತು ನನ್ನ ಹೆಸರು ಓದಿಬಿಟ್ರಿ.”

“ಪಂಚರ ಮುಂದ ಕಾಗದ ಓದಬೇಕಾಗ್ತದ. ಖಾಯಿದೆ ಅದ.”

“ಯಾವ ಖಾಯಿದೆರಿ ಅದು? ಮರುದಿನಾನೇ ಆ ಕೊಲೆಗಾರರಾಗ ಒಬ್ಬನ ಅಣ್ಣ ನಮ್ಮ ಅಂಗಳದಾಗ ನಿಂತು ನನ್ನ ಮಗಳ ಹೆಸರು ಕೇಳಿ ಹೋದ. ಹೆದರಿ ಆಕಿನ್ನ ಇಲ್ಲಿ ನಮ್ಮ ತಂಗಿ ಮನ್ಯಾಗ ಬಿಟ್ಟೀನಿ.”

“ಮೂವರಾಗ ಇಬ್ಬರನ್ನ ಹಿಡದೀವಿ, ಮತ್ತೇನು ಮಾಡಬೇಕು?”

“ಮೂರನೇದವ?”

“ಸಿಕ್ಕಿಲ್ಲ. ನಿನಗೇನಾರ ಸುಳಿವು ಅದ ಏನು?”

“ಅದ. ಈಗ ದೊಡ್ಡ ಸಾಹೇಬರ ಕಚೇರಿಗಿ ಹೋಗಿ, ಬಾಗಿಲ ಹಾಕ್ಸಿ, ಹೇಳಿ ಬಂದೀನಿ. ನನ್ನ ಹೆಸರು ಅವರು ಕಾಗದದ ಮ್ಯಾಲ ಬರೀಲಿಲ್ಲ.”

ಮುನ್ಷಿ ಹಣೆ ಒರೆಸಿಕೊಂಡ. ಅವನ ದನಿ ಇಳಿಯಿತು.

“ನನ್ನ ಬಗ್ಗೆ ಏನಾರ ಹೇಳೀರೇನ್ರಿ?”

“ಸಂತ್ಯಾಗಿನದು ಎಲ್ಲಾ ಹೇಳೀನಿ. ಅದನ್ನ ಮಾತ್ರ ಬರಕೊಂಡ್ರು.”

ಟಾಂಗಾ ಬಂತು. ಆಕೆ ಮಲಾರ ಮಡಿಲಲ್ಲಿಟ್ಟುಕೊಂಡು ಮುಂದೆ ಕುಳಿತಳು. ನಾನು ಹಿಂದೆ ಹತ್ತಿದೆ. ಇನ್ನೊಬ್ಬರಿಗೆ ಜಾಗವಿತ್ತು. ಮುನ್ಷಿ ಮಾತ್ರ ದೊಡ್ಡ ಸಾಹೇಬರ ಕಚೇರಿಯ ಕಡೆ ಬಿರಬಿರನೆ ನಡೆದುಹೋದ.