ಫೋಸ್ಕೋ ಕೂರುವ ಜಾಗ

ನಮ್ಮೂರಿನಿಂದ ಮೇಲಿನ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಕಲ್ಲು ಬಾವಿ ಇದೆ. ರಾತ್ರಿ ಹೊತ್ತು ಘಟ್ಟದಿಂದ ನಡೆದು ಬರುವವರು ಎಷ್ಟೇ ಜೋರಾಗಿ ಹರಟುತ್ತಿರಲಿ, ಆ ಬಾವಿ ಹತ್ತಿರವಾದ ಕೂಡಲೇ ದನಿ ತಗ್ಗಿಸುತ್ತಾರೆ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಎದುರಿಗಿರುವ ಕತ್ತಲೆಯ ಕಡೆ ನೋಡದೆ, ಬಲಕ್ಕೆ ತಿರುಗಿ ಇಳಿದುಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಎರ್ಮೆಸ್‌ನ ಮನೆ ತೋರಿಸುತ್ತಾರೆ...

ಎರ್ಮೆಸ್ ನಮ್ಮ ಬೇಲಿಯಾಚೆಯವನು. ಚೀಸ್ ಮಾಡುವ ಹಾಲಿನ ಮನೆಯಲ್ಲಿ ಕೆಲಸ. ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಸುಳ್ಳು ಹೇಳಿ ಗೊತ್ತಿಲ್ಲ. ಇದು ಅವನಿಗೂ ಅವನ ಹೆಂಡತಿ ನಿವೆಸ್‌ಗೂ ಆದದ್ದು.

ಮೊದೆನಾ ಪಟ್ಟಣದ ಹಿಂದಿನ ಈ ಬೆಟ್ಟಗಳಲ್ಲಿ ಮೋಟಾರಿನ ಹುಚ್ಚಿಲ್ಲದ ಗಂಡಸು ಸಿಗುವುದು ಕಷ್ಟ. ವರ್ಷಕ್ಕೊಮ್ಮೆ ಹಳೆಯ ಗಾಡಿಗಳು ಬೆಟ್ಟ ಹತ್ತುವ ಓಟ ನಡೆಯುತ್ತದೆ. ಅದಕ್ಕಾಗಿ ಜನ ಊಟ ನಿದ್ದೆ ಬಿಟ್ಟು, ಅಜ್ಜಂದಿರ ಕಾಲದ ಗಾಡಿಗಳನ್ನು ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ, ಒಂದು ಹದಕ್ಕೆ ತರುತ್ತಾರೆ. ಎರ್ಮೆಸ್‌ನ ಕೈಗೆ ಸಿಕ್ಕಿದ್ದು ಒಲಿಂದೊ ಅನ್ನುವ ಮುದುಕನ ಕಡುಗೆಂಪು ಆಲ್ಫಾ ಕಾರು. ಎರಡೇ ಸೀಟಿನದು. ವಯಸ್ಸಿನಲ್ಲಿದ್ದಾಗ ಒಲಿಂದೊ ಅದನ್ನು ಓಟಕ್ಕೆ ಬಿಡುತ್ತಿದ್ದ. ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದವನು ಅವನ ತಮ್ಮ ಫೋಸ್ಕೋ. ಫೋಸ್ಕೋ ಚಳಿಗಾಲದ ಜ್ವರದಲ್ಲಿ ಹಾಸಿಗೆಯ ಮೇಲೇ ಹೋಗಿಬಿಟ್ಟ. ಅವತ್ತಿನಿಂದ ಆ ಗಾಡಿ ಕೊಟ್ಟಿಗೆಯಲ್ಲಿ, ಹುಲ್ಲಿನ ಪಕ್ಕ, ಬಟ್ಟೆ ಹೊದ್ದು ಮಲಗಿತ್ತು.

ಕೊಡುವಾಗ ಒಲಿಂದೊ ಹೇಳಿದ್ದು ಒಂದೇ ಮಾತು.

"ಏನು ಬೇಕಾದ್ರೂ ಬಿಚ್ಚು, ಏನು ಬೇಕಾದ್ರೂ ಹಾಕು. ಬಲಗಡೆ ಸೀಟು ಮಾತ್ರ ಮುಟ್ಟಬೇಡ. ಅದು ಫೋಸ್ಕೋ ಕೂರೋ ಜಾಗ."

ಎರ್ಮೆಸ್ ಆಗಲಿ ಅಂದ. ಆಮೇಲೆ ಅಣ್ಣತಮ್ಮಂದಿರ ಓಟದ ಗುಟ್ಟನ್ನೂ ಕೇಳಿ ತಿಳಿದುಕೊಂಡ. ಓಟದ ಗಾಡಿಯ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಆದ್ದರಿಂದ ಫೋಸ್ಕೋ ಕೈಯಲ್ಲೇ ದಾರಿ ಹೇಳುತ್ತಿದ್ದನಂತೆ. ನಮ್ಮ ಕಡೆ ನಡೆಸುವವನು ಎಡಕ್ಕೆ ಕೂರುತ್ತಾನೆ. ಪಕ್ಕದವನ ಕೈ ಅವನ ಬಲ ತೊಡೆಗೆ ಎಟುಕುತ್ತದೆ. ಒಂದು ಸಲ ತಟ್ಟಿದರೆ ಬಲಕ್ಕೆ. ಎರಡು ಸಲ ತಟ್ಟಿದರೆ ಎಡಕ್ಕೆ. ಅಂಗೈ ಊರಿ ಒತ್ತಿದರೆ... ಮುಂದೆ ನೇರ ದಾರಿ, ಹೆದರಬೇಡ, ತುಳಿ.

ಎರ್ಮೆಸ್ ಕೆಟ್ಟವನಲ್ಲ. ಆದರೆ ಬೆಟ್ಟ ಹತ್ತುವ ಗಾಡಿಗೆ ಭಾರವೇ ವೈರಿ. ಭಾರ ಇಳಿಸುವ ಚಟ ಒಮ್ಮೆ ಹಿಡಿಯಿತೆಂದರೆ ಮನುಷ್ಯ ಎಲ್ಲಿ ನಿಲ್ಲಿಸಬೇಕೆಂದು ಮರೆಯುತ್ತಾನೆ. ಬಾಗಿಲಿನ ಒಳತಗಡಿಗೆ ತೂತು ಕೊರೆದ. ಹಿಂಬದಿಯ ಗಾಜು ತೆಗೆದು ತೆಳುವಾದ ಪ್ಲಾಸ್ಟಿಕ್ ಹಾಕಿದ. ಸೈಲೆನ್ಸರ್ ಕಿತ್ತ. ಒಳಗಿನ ದೀಪದ ತಂತಿಯನ್ನೂ ಬಿಡಲಿಲ್ಲ. ಕೊನೆಗೆ ಒಂದು ಸಂಜೆ, ಓಟ ಮುಗಿದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡು, ಬಲಗಡೆಯ ಸೀಟಿನ ಬೋಲ್ಟುಗಳಿಗೂ ಸ್ಪ್ಯಾನರ್ ಹಾಕಿದ.

ಗಾಡಿ ಸಿದ್ಧವಾದ ಸಂತೋಷಕ್ಕೆ ಘಟ್ಟದ ಮೇಲಿನ ಹೋಟೆಲಿನಲ್ಲಿ ಗೆಳೆಯರ ಊಟ. ಹಂದಿ ಕೊಬ್ಬಿನಲ್ಲಿ ಕರಿದ ಬಿಸಿ ರೊಟ್ಟಿ, ನೊರೆಯುಕ್ಕುವ ಕೆಂಪು ಲಂಬ್ರುಸ್ಕೊ ವೈನ್. ಒಲಿಂದೊ ಕೂಡ ಬಂದಿದ್ದ. ಎಲ್ಲರೂ ಹೊರಗೆ ಬಂದು ಗಾಡಿಯ ಸುತ್ತ ನಿಂತು ಹೊಗಳುತ್ತಿದ್ದರೆ, ಮುದುಕ ಬಗ್ಗಿ ಕಿಟಕಿಯೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಎಲ್ಲೋ ಅವನ ಸೀಟು?"

"ಅಟ್ಟದ ಮೇಲೆ ಜೋಪಾನವಾಗಿದೆ ಮಾವ. ಓಟ ಆದ್ಮೇಲೆ ಹಾಕ್ತೀನಿ."

"ಅಲ್ಲೀತನಕ ಅವನು ನೆಲದ ಮೇಲೆ ಕೂತಿರಬೇಕಾ?"

ಎರ್ಮೆಸ್ ನಕ್ಕ. ಒಲಿಂದೊ ನಗಲಿಲ್ಲ. ಕೋಟಿನ ಕಾಲರ್ ಎತ್ತಿಕೊಂಡು ಒಳಗೆ ಹೋಗಿಬಿಟ್ಟ.

ನಿವೆಸ್ ಬಂದಿದ್ದು ತನ್ನ ತಮ್ಮನ ವ್ಯಾನಿನಲ್ಲಿ. ಆ ತಮ್ಮ ಕುಡಿದು ಹೋಟೆಲಿನ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವಳು ಏಳು ತಿಂಗಳ ಬಸುರಿ. ವರ್ಷಗಟ್ಟಲೆ ಹರಕೆ ಹೊತ್ತು, ಬೆಟ್ಟದ ಮೇಲಿನ ಮರಿಯಮ್ಮ ಮಾತೆಯ ಗುಡಿಗೆ ಬರಿಗಾಲಲ್ಲಿ ನಡೆದು, ದೇವರು ಕಣ್ಣುಬಿಟ್ಟು ಕೊಟ್ಟ ಬಸಿರು. ಬೆಂಚಿನ ಮೇಲೆ ರಾತ್ರಿ ಕಳೆಯಲಾರೆ, ಬೆನ್ನು ಸೀಳುತ್ತಿದೆ ಅಂದಳು. ಎರ್ಮೆಸ್ ಸೀಟಿದ್ದ ಜಾಗದಲ್ಲಿ ಗೋಣಿಚೀಲ ಮಡಿಸಿ, ಮೇಲೆ ಹೋಟೆಲಿನವರ ದಿಂಬು ಇಟ್ಟ.

"ಗೋಣಿಚೀಲ! ಆಲೂಗಡ್ಡೆ ಅನ್ಕೊಂಡ್ಯಾ ನನ್ನ?"

"ಆಲೂಗಡ್ಡೆ ಇಷ್ಟೊಂದು ಮಾತಾಡಲ್ಲ ಕಣೇ."

"ಭಾರ ಇಳಿಸ್ತೀನಿ ಅಂತ ನಾಳೆ ನನ್ನ ತೊಡೆಗೂ ತೂತು ಕೊರೀತೀಯ ನೀನು."

ಗೆಳೆಯರೆಲ್ಲ ಗೊಳ್ಳೆಂದು ನಕ್ಕರು. ಎರ್ಮೆಸ್ ಮೆಲ್ಲಗೆ ಹೆಂಡತಿಯನ್ನು ಕೂರಿಸಿದ. ಕೆಳಗೆ ಮಂಜು ಇರುತ್ತದೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ತಟ್ಟುವ ಗುಟ್ಟನ್ನು ಅವಳಿಗೂ ಹೇಳಿಕೊಟ್ಟ. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿಯ ಅಂಚು ನೋಡ್ತಿರು. ಒಂದು ತಟ್ಟಿದ್ರೆ ಬಲ, ಎರಡು ತಟ್ಟಿದ್ರೆ ಎಡ.

"ಒತ್ತಿದ್ರೆ ತುಳಿ. ಗೊತ್ತಾಯ್ತು, ನಡಿ," ಅಂದಳು ನಿವೆಸ್.

ಮೊದಲ ತಿರುವುಗಳು ಚೆನ್ನಾಗಿಯೇ ಇದ್ದವು. ಆಮೇಲೆ ಮಂಜು ಬಂತು. ಹಾಲಿನ ಮನೆಯ ಹಂಡೆಯಲ್ಲಿ ಮುಖ ಅದ್ದಿದ ಹಾಗೆ... ಎಲ್ಲ ಬೆಳ್ಳಗೆ. ದೀಪ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತಿತ್ತು. ಗಾಡಿಯೊಳಗೆ ಗವ್ವೆನ್ನುವ ಕತ್ತಲು. ತಲೆಯೊಳಗೆ ಬರೀ ಇಂಜಿನ್ನಿನ ಗುಡುಗುಡು, ನೆಲದ ತಗಡಿನ ಗಡಗಡ. ಎರ್ಮೆಸ್‌ಗೆ ಕಾಣುತ್ತಿದ್ದುದು ಬಲಗಡೆಯ ಕಿಟಕಿಯಿಂದ ಆಚೆ ಬಾಗಿದ ಹೆಂಡತಿಯ ತಲೆಯ ಕಪ್ಪು ಗುರುತು ಮಾತ್ರ.

ಟಪ್.

ಬಲ ತೊಡೆಯ ಮೇಲೆ ಒಂದು ತಟ್ಟು. ಅವನು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ. ಚಕ್ರದಡಿ ಡಾಂಬರು ಇತ್ತು.

ಟಪ್, ಟಪ್.

ಎಡಕ್ಕೆ ತಿರುಗಿಸಿದ. ಡಾಂಬರು ಇತ್ತು. ಒಂದು ಕಲ್ಲೂ ಸಿಡಿಯಲಿಲ್ಲ.

ಅವನಿಗೆ ಹೆಮ್ಮೆಯಾಯಿತು. ಆಲೂಗಡ್ಡೆ ಬಲು ಜಾಣೆ ಅಂದುಕೊಂಡ. ತಿರುವು ಬರುವ ತುಸು ಮೊದಲೇ ತಟ್ಟು ಬೀಳುತ್ತಿತ್ತು, ತಡವಿಲ್ಲ, ಅವಸರವಿಲ್ಲ. ನಂಬಿಕೆ ಬಂದಂತೆ ಅವನ ಕಾಲು ತಾನಾಗಿ ಭಾರವಾಯಿತು. ಗಾಡಿ ವೇಗ ಹಿಡಿಯಿತು. ಒಂದು... ಎರಡು... ಒಂದು. ಯಾವ ತಿರುವಿನಲ್ಲಿದ್ದೇನೆ ಎಂಬ ಲೆಕ್ಕವನ್ನೇ ಅವನು ಬಿಟ್ಟುಬಿಟ್ಟ. ಬಾವಿ ಬಂದರೆ ಕಾಣುತ್ತದೆ ಅಂದುಕೊಂಡಿದ್ದ.

ಈ ಬಾವಿಯ ವಿಷಯ ಹೇಳಲೇಬೇಕು. ಹಿಂದೆ ದಾರಿ ಬಾವಿಯಿಂದ ನೇರವಾಗಿ, ಉದ್ದಕ್ಕೆ, ಗುಡ್ಡದ ಪಕ್ಕೆಯ ಮೇಲೆ ಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ಆ ಪಕ್ಕೆ ಪೂರ್ತಿ ಕುಸಿದು ಹಳ್ಳಕ್ಕೆ ಹೋಯಿತು. ಈಗ ದಾರಿ ಬಾವಿಯ ಬಳಿ ಗಕ್ಕನೆ ಬಲಕ್ಕೆ ತಿರುಗುತ್ತದೆ. ನೇರಕ್ಕೆ ಏನೂ ಇಲ್ಲ. ಅಡ್ಡ ಕಟ್ಟಿದ್ದ ಮರದ ದಿಮ್ಮಿ ಹಿಂದಿನ ಚಳಿಗಾಲದ ಹಿಮಕ್ಕೆ ಮುರಿದು ಬಿದ್ದಿತ್ತು.

ಆಗ ತೊಡೆಯ ಮೇಲೆ ಅಂಗೈ ಊರಿತು.

ಒತ್ತಿತು.

ನೇರ ದಾರಿ, ತುಳಿ. ಎರ್ಮೆಸ್ ತುಳಿದ. ಇಂಜಿನ್ ಹೂಂಕರಿಸಿತು. ಅದರ ಜೊತೆಗೇ ಚಕ್ರದಡಿಯ ಸದ್ದು ಬದಲಾಯಿತು. ಡಾಂಬರಿನ ಸರ್ರೆನ್ನುವ ಸದ್ದು ಹೋಗಿ... ಚರಚರ, ಚರಚರ. ಹುಲ್ಲು. ಒಣಹುಲ್ಲಿನ ಮೇಲೆ ಹೋಗುತ್ತಿದ್ದೇವೆ! ಅವನು ಕಾಲೆತ್ತಲು ನೋಡಿದ. ಎತ್ತಲಾಗಲಿಲ್ಲ. ಅಂಗೈ ಇನ್ನೂ ಬಲವಾಗಿ ಒತ್ತುತ್ತಿತ್ತು.

"ನಿವೆಸ್, ಕೈ ತೆಗಿ!"

ಅವಳ ತಲೆ ಕಿಟಕಿಯಾಚೆಗೇ ಇತ್ತು. ಕೇಳಿಸಲಿಲ್ಲ. ಅವನು ಬಲಗೈಯಿಂದ ಆ ಕೈಯನ್ನು ಹಿಡಿದು ಎಳೆದ.

ಒರಟು ತೊಗಲಿನ ಕೈಗವಸು... ಒಳಗೆ ಕಟ್ಟಿಗೆಯಂಥ ಬೆರಳುಗಳು.

ನಿವೆಸ್ ಕೈಗವಸು ಹಾಕಿರಲಿಲ್ಲ.

ಎರ್ಮೆಸ್ ಎಡಗಾಲಿನಿಂದ ಕ್ಲಚ್ ತುಳಿದ. ಕೀಲಿ ತಿರುವಿದ. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆದ. ಗಾಡಿ ಹುಲ್ಲಿನ ಮೇಲೆ ಜಾರಿತು, ಜಾರಿತು... ನಿಂತಿತು. ಇಂಜಿನ್ ಸತ್ತಿತು. ಬಿಸಿ ಕಬ್ಬಿಣ ಆರುವ ಚಟ್, ಚಟ್ ಮಾತ್ರ. ಮುಂದಿನ ಚಕ್ರದಡಿಯಿಂದ ಒಂದು ಕಲ್ಲು ಉರುಳಿತು. ಕೆಳಗೆ ಬಿದ್ದ ಸದ್ದಿಗಾಗಿ ಅವನು ಕಾದ. ಸದ್ದು ಬರಲಿಲ್ಲ.

ನಿವೆಸ್ ತಲೆ ಒಳಗೆ ತಂದಳು. ಕೂದಲಿನಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು.

"ಯಾಕೆ ನಿಲ್ಲಿಸ್ದೆ?" ಪಿಸುಗುಟ್ಟಿದಳು.

"ನೀನು... ನೀನ್ಯಾಕೆ ಒತ್ತಿದೆ?"

"ನಾನಾ? ನಾನು ಒಂದು ಸಲಾನೂ ತಟ್ಟಿಲ್ಲ. ನನಗೇನೂ ಕಾಣಿಸ್ತಾನೇ ಇರ್ಲಿಲ್ಲ."

"ಮೇಲಿಂದ ಇಲ್ಲೀತನಕ..."

"ಎರ್ಮೆಸ್, ನನ್ನ ಎರಡೂ ಕೈ ಹೊಟ್ಟೆ ಮೇಲಿತ್ತು."

ಅವಳು ಗೋಣಿಚೀಲದ ಮೇಲೆ ಕೂತಿದ್ದಳು. ಅವಳಿಗೂ ಅವನಿಗೂ ನಡುವೆ, ಆ ಕತ್ತಲೆಯಲ್ಲಿ, ಮೂರನೆಯವರು ಕೂರಲು ಜಾಗವಿರಲಿಲ್ಲ... ಆದರೂ ಅಲ್ಲಿಂದ ಹಳೆಯ ತೊಗಲಿನ ವಾಸನೆ ಬರುತ್ತಿತ್ತು. ಅವನು ತನ್ನ ಬದಿಯ ಬಾಗಿಲು ತೆರೆದು, ಕಾಲಿನಿಂದ ನೆಲ ತಡವಿ, ಅವಳನ್ನು ತನ್ನ ಕಡೆಯಿಂದಲೇ ಎಳೆದುಕೊಂಡ. ಅವಳು ತೆವಳಿಕೊಂಡು ಬಂದಳು. ಹೊಟ್ಟೆ ಸ್ಟಿಯರಿಂಗಿಗೆ ತಾಗಿದಾಗ "ಅಯ್ಯೋ ಮಾತೆ" ಅಂದಳು.

ಬಾವಿಯ ಕಲ್ಲು ಕೈಗೆ ಸಿಕ್ಕಿದ ಮೇಲೆ ಊರಿನ ಕಡೆ ಇಳಿಯುವ ದಾರಿ ಹಿಡಿದರು. ನಿವೆಸ್ ಬಾಯಲ್ಲಿ ಮರಿಯಮ್ಮನ ಜಪ. ಹಿಂದೆ ಮಂಜಿನೊಳಗಿಂದ, ಯಾರೋ ಬೇಸರದಿಂದ ಬೆರಳ ಗೆಣ್ಣಿನಲ್ಲಿ ತಗಡು ಬಡಿಯುವ ಸದ್ದು.

ಟಣ್... ಟಣ್... ಟಣ್.

"ತಿರುಗಬೇಡ," ಅಂದ ಎರ್ಮೆಸ್.

"ತಿರುಗ್ತಿಲ್ಲ. ನನ್ನ ಕೈ ಬಿಡಬೇಡ."

ಬೆಳಗ್ಗೆ ಊರವರು ಹಗ್ಗ ಹಾಕಿ ಗಾಡಿಯನ್ನು ಹಿಂದಕ್ಕೆಳೆದರು. ಮುಂದಿನ ಚಕ್ರದಿಂದ ಪ್ರಪಾತಕ್ಕೆ ಒಂದು ಮೊಳವೂ ಇರಲಿಲ್ಲ. ಸುದ್ದಿ ಕೇಳಿ ಒಲಿಂದೊ ಕೋಲೂರಿಕೊಂಡು ಬಂದ. ಎರ್ಮೆಸ್ ಎಲ್ಲವನ್ನೂ ಹೇಳಿದ. ಮುದುಕ ಬಯ್ಯುತ್ತಾನೆಂದು ಅವನು ಕಾದಿದ್ದ.

"ಅವನು ಕೇಡಿಗ ಅಲ್ಲ ಕಣೋ," ಅಂದ ಒಲಿಂದೊ. "ಸರಿಯಾಗೇ ಹೇಳಿದಾನೆ. ಗುಡ್ಡ ಬೀಳೋ ಹೊತ್ತಿಗೆ ಅವನು ಹೋಗಿ ಆಗಿತ್ತು. ಅವನಿಗೆ ಹೇಳಿದವರು ಯಾರು?"

ಎರ್ಮೆಸ್ ಓಟದ ಆಸೆ ಬಿಟ್ಟ. ಗಾಡಿ ಮನೆಯಲ್ಲಿರುವುದು ಬೇಡವೇ ಬೇಡ ಅಂತ ನಿವೆಸ್ ಹಟ ಹಿಡಿದಳು. ಮನೆಗೆ ಮಗು ಬರುವ ಮೊದಲು ಅದು ಹೋಗಬೇಕು. ಒಲಿಂದೊ ಕೂಡ ಒಪ್ಪಿದ. ಕೊಳ್ಳಲು ಪಟ್ಟಣದಿಂದ ಒಬ್ಬ ಬಂದ. ಓಟದವರ ಪದ್ಧತಿಯಂತೆ ನಾಲ್ಕೂ ಚಕ್ರಗಳ ಕೆಳಗೆ ತೂಕದ ಹಲಗೆಗಳನ್ನಿಟ್ಟು, ಯಾವ ಮೂಲೆಯ ಮೇಲೆ ಎಷ್ಟು ಭಾರ ಕೂರುತ್ತದೆಂದು ನೋಡಿದ. ಹಗಲು ಹೊತ್ತು. ಎರ್ಮೆಸ್‌ನ ಶೆಡ್ಡಿನ ಬಾಗಿಲು ತೆರೆದಿತ್ತು, ಬಿಸಿಲಿತ್ತು. ಗಾಡಿಯೊಳಗೆ ಯಾರೂ ಇರಲಿಲ್ಲ.

"ಬಲಗಡೆ ಏನಿಟ್ಟಿದೀರಿ?" ಕೇಳಿದ ಆತ.

"ಏನಿಲ್ಲ. ಸೀಟೂ ಇಲ್ಲ."

"ತೂಕದ ಮುಳ್ಳು ಬೇರೆ ಹೇಳ್ತಿದೆಯಲ್ಲ ಸ್ವಾಮಿ. ಒಬ್ಬ ಸಣಕಲು ಮನುಷ್ಯನಷ್ಟು ಜಾಸ್ತಿ ಇದೆ."

ಹಲಗೆ ಕೆಟ್ಟಿದೆಯೆಂದು ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಬದಲಾಯಿಸಿದರು. ಮತ್ತೆ ಬಲಗಡೆಯೇ ಭಾರ. ಆತ ಹಣೆ ಒರೆಸಿಕೊಂಡ. ಆಗ ಒಲಿಂದೊ ಮುಂದೆ ಬಂದು, ಕಿಟಕಿಯ ಚೌಕಟ್ಟಿಗೆ ಮೊಣಕೈ ಊರಿ, ಮನೆಯ ಜಗಲಿಯ ಮೇಲೆ ಕೂತವನ ಹತ್ತಿರ ಮಾತಾಡುವಂತೆ ಮೆಲ್ಲಗೆ ಹೇಳಿದ:

"ಫೋಸ್ಕೋ... ಆ ದಾರಿ ಈಗಿಲ್ಲ ಕಣೋ. ಗುಡ್ಡ ಬಿದ್ದುಹೋಯ್ತು. ನೀನು ಹೋದ್ಮೇಲೆ ಬಿತ್ತು, ನಿನ್ನ ತಪ್ಪಲ್ಲ. ಇವರಿಗೆ ಮಗು ಆಗೋದಿದೆ. ಸಾಕು, ಇಳಿಯಪ್ಪಾ."

ಕೀರ್... ಅಂತ ಬಲಗಡೆಯ ಸ್ಪ್ರಿಂಗ್ ಮೇಲೆದ್ದಿತು. ಮುಳ್ಳು ನಿಧಾನವಾಗಿ ಹಿಂದಕ್ಕೆ ಬಂತು.

ಇದನ್ನು ನೋಡಿದವರು ಮೂರು ಜನ, ಪಟ್ಟಣದವನೂ ಸೇರಿ. ಅವನು ಹಲಗೆಗಳನ್ನೂ ಅಲ್ಲೇ ಬಿಟ್ಟು ಹೋದ, ಇನ್ನೂ ತೆಗೆದುಕೊಂಡು ಹೋಗಲು ಬಂದಿಲ್ಲ. ನಡೆದದ್ದು ನಡೆದದ್ದೇ. ದೇವರ ದಯೆ, ಮಗು ಗಟ್ಟಿಮುಟ್ಟಾಗಿ ಹುಟ್ಟಿತು.

ಅವತ್ತು ತೂಕ ನೋಡುವಾಗ ನಿವೆಸ್ ಶೆಡ್ಡಿನ ಬಾಗಿಲಲ್ಲಿ ಗಾಡಿಗೆ ಬೆನ್ನು ಹಾಕಿ, ಬಟಾಣಿ ಬಿಡಿಸುತ್ತಾ ನಿಂತಿದ್ದಳು. ಒಳಗೆ ನಡೆದದ್ದು ಅವಳಿಗೆ ಗೊತ್ತಿಲ್ಲ. ಮುಳ್ಳು ಕೆಳಗಿಳಿದ ಸ್ವಲ್ಪ ಹೊತ್ತಿಗೆ ಅವಳು, ಹಿಂದಿನಿಂದ ಬಂದವರಿಗೆ ದಾರಿ ಬಿಡುವ ಹಾಗೆ, ಲಂಗ ಒತ್ತಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಯಾಕೆ ಸರಿದೆ ಅಂತ ಕೇಳಿದರೆ, "ಸರಿದೆನಾ?" ಅನ್ನುತ್ತಾಳೆ.